ಕಡಿಮೆ ಮಾರ್ಕಿನ ಕಿಟಕಿ

ನಮ್ಮ ಭಾವ ಯಾರ ಮನೆಗೆ ಹೋದರೂ ಮೊದಲು ಕಿಟಕಿಗೆ ಕೆನ್ನೆ ಕೊಡುತ್ತಾರೆ, ಆಮೇಲೆ ಮನೆಯವರಿಗೆ ನಮಸ್ಕಾರ! ನನ್ನ ತಮ್ಮನಿಗೆ ಹೆಣ್ಣು ನೋಡಲು ಹೋದಾಗಲೂ ಅಷ್ಟೇ. ಹುಡುಗಿ ಚಹಾದ ತಟ್ಟೆ ಹಿಡಿದು ಬಂದರೆ ಭಾವ ಎಲ್ಲಿ? ಮೂಲೆಯಲ್ಲಿ, ಪಡುವಣ ಕಿಟಕಿಯ ಗಾಜಿಗೆ ಎಡಗೆನ್ನೆ ಹಚ್ಚಿ ಕಣ್ಣು ಮುಚ್ಚಿ ನಿಂತಿದ್ದಾರೆ! ಹುಡುಗಿಯ ತಂದೆ ಗಾಬರಿಯಾಗಿ, "ಯಾಕ್ರಿ, ಹಲ್ಲು ನೋಯಾಕತ್ಯಾವೇನ್ರಿ?" ಎಂದು ಕೇಳಿದರು.

"ಇಲ್ರಿ, ನಿಮ್ಮ ಕಿಟಕಿಗೆ ಜ್ವರ ಬಂದಾವ," ಎಂದರು ಭಾವ.

ಸಂಬಂಧ ಕೂಡಿಬಂತು. ಅದು ಹುಡುಗಿಯ ಮನೆಯವರ ದೊಡ್ಡತನ.

ಮರಾಠಿ ಸೀಮೆಯ ಚಾಕಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಮನುಷ್ಯನಿಗೆ ಈ ಹುಚ್ಚು ಹಿಡಿದದ್ದು ನನ್ನ ಅಕ್ಕನಿಂದ. ಎರಡು ಸಾವಿರದ ಇಸವಿ ದಾಟಿದ ಕಾಲ. ಅಕ್ಕನಿಗೆ ಎದೆಯ ಆಪರೇಶನ್ ಆಗಿತ್ತು. ಮಧ್ಯಾಹ್ನ ನಿದ್ದೆ ಬೇಕೇ ಬೇಕು ಎಂದು ಡಾಕ್ಟರು ಹೇಳಿದ್ದರು. ಆದರೆ ಅವರ ಕೋಥರೂಡದ ಮನೆ ಮೇಲಿನ ಮಹಡಿಯದು, ಮಲಗುವ ಕೋಣೆಯ ಕಿಟಕಿ ಪಡುವಣಕ್ಕೆ. ಮಧ್ಯಾಹ್ನವೇ ಲೋಡ್ ಶೆಡ್ಡಿಂಗ್! ಫ್ಯಾನು ನಿಂತಿತೆಂದರೆ ಕೋಣೆ ಇಟ್ಟಿಗೆ ಭಟ್ಟಿ. ನಿದ್ದೆ ಎಲ್ಲಿಂದ ಬರಬೇಕು? ಕಪ್ಪು ಕಾಗದ ಅಂಟಿಸಿ ಎಂದು ಯಾರೋ ಬುದ್ಧಿ ಹೇಳಿದರು. ಅಕ್ಕ ಎದ್ದು ಕುಳಿತಳು. "ನನ್ನನ್ನ ಡಬ್ಬಿಯೊಳಗ ಹಾಕಿ ಮುಚ್ಚಳ ಮುಚ್ಚತೀರೇನು? ನನಗ ಗುಡ್ಡ ಕಾಣಬೇಕು!"

ಬೆಳಕು ಬರಬೇಕು, ಗುಡ್ಡ ಕಾಣಬೇಕು, ಬಿಸಿಲಿನ ಝಳ ಮಾತ್ರ ಹೊಸ್ತಿಲಾಚೆ ನಿಲ್ಲಬೇಕು. ಅಂಥ ಕಿಟಕಿ ತರುತ್ತೇನೆ ಎಂದು ಭಾವ ಹಟ ತೊಟ್ಟರು.

ನನಗೆ ಅವಮಾನವಾಯಿತು. ಯಾಕೆಂದರೆ ಆ ಹಳೆಯ ಕಿಟಕಿ ಮಾಡಿದವನು ನಾನೇ! ಏಳನೇ ಇಯತ್ತೆಗೆ ಶಾಲೆ ಬಿಟ್ಟು, ಅಪ್ಪನ ಜೊತೆ ಇಟ್ಟಿಗೆ ಹೊತ್ತು, ಆಮೇಲೆ ಸ್ವಂತ ವರ್ಕ್‌ಶಾಪ್ ಹಾಕಿದವನು ನಾನು. ನನ್ನ ಅಲ್ಯುಮಿನಿಯಂ ಕಿಟಕಿಗಳು ಕೋಥರೂಡದ ಓಣಿ ಓಣಿಯಲ್ಲಿ ಇವೆ.

"ನನ್ನ ಕಿಟಕಿಗೆ ಏನಾಗೇದ್ರಿ ಭಾವಾ?"

"ಮಳಿ ತಡೀತದ, ಕಳ್ಳನ್ನ ತಡೀತದ. ಬಿಸಲು ಬಂದ್ರ ಮಾತ್ರ ಬೀಗರು ಬಂದಂಗ ಒಳಗ ಕರಕೊಂಡು ಕೂಡಸ್ತದ!"

ಶಿವಾಜಿನಗರದ ಒಂದು ಅಂಗಡಿಗೆ ಹೋದೆವು. ಟೈ ಕಟ್ಟಿದ ಮಾರಾಟಗಾರ ಗಾಜು ತಟ್ಟಿ, "ಕಾಕಾ, ಏಕದಮ್ ಥಂಡ!" ಎಂದ. "ಕಿತಿ ಥಂಡ?" ಎಂದು ಭಾವ ಮರಾಠಿಯಲ್ಲೇ ಕೇಳಿದರು. ಎಷ್ಟು ತಂಪು ಎಂದು ಗಾಜಿನ ಅಂಗಡಿಯಲ್ಲಿ ಯಾರಾದರೂ ಕೇಳುತ್ತಾರೆಯೇ? ಆತ ನಕ್ಕು, ಗಾಜಿನ ಮೂಲೆಯಲ್ಲಿದ್ದ ಚೀಟಿ ತೋರಿಸಿ ಒಂದೊಂದೇ ಬಿಡಿಸಿ ಹೇಳಿದ. ಮೊದಲ ಅಂಕಿ, ಕಾವು ಕಿಟಕಿಯನ್ನು ಎಷ್ಟು ಸಲೀಸಾಗಿ ದಾಟುತ್ತದೆ ಎಂಬುದು. ಎರಡನೆಯದು, ಮೇಲೆ ಬಿದ್ದ ಬಿಸಿಲಿನ ಕಾವಿನಲ್ಲಿ ಎಷ್ಟು ಪಾಲು ಒಳಗೆ ಬರುತ್ತದೆ ಎಂಬುದು. ಎರಡೂ ಕಡಿಮೆ ಇದ್ದಷ್ಟೂ ಒಳ್ಳೆಯದು. ಬೆಳಕು ಎಷ್ಟು ಒಳಗೆ ಬರುತ್ತದೆ ಎಂಬ ಮೂರನೆಯ ಅಂಕಿ ಮಾತ್ರ ಹೆಚ್ಚಿರಬೇಕು.

ನಾನು ಬೆರಗಾಗಿ ನಿಂತುಬಿಟ್ಟೆ. ಕಡಿಮೆ ಮಾರ್ಕು ಬಿದ್ದವರು ಮೊದಲ ದರ್ಜೆಯಲ್ಲಿ ಪಾಸಾಗುವ ಶಾಸ್ತ್ರವೂ ಜಗತ್ತಿನಲ್ಲಿದೆಯೇ!

"ಭಾವಾ, ಗಣಿತದಾಗ ನನಗ ಬಿದ್ದ ಮಾರ್ಕು ಈ ಕಿಟಕಿಗೆ ಬಿದ್ರ?"

"ಜಗತ್ತಿಗೇ ಪಹಿಲಾ ನಂಬರ್ ಬರ್ತದ ಲೇ!"

ಆದರೂ ಭಾವ ಚೀಟಿಯನ್ನು ನಂಬಿ ಕೂರುವ ಜಾತಿಯವರಲ್ಲ. ಮೂರು ಗಾಜಿನ ತುಂಡು ತರಿಸಿ ನನ್ನ ವರ್ಕ್‌ಶಾಪಿನ ಅಂಗಳದಲ್ಲಿ ಬಿಸಿಲಿಗೆ ನಿಲ್ಲಿಸಿದರು. ಒಂದು ಸಾದಾ, ಒಂದು ಕಪ್ಪು, ಇನ್ನೊಂದು ಜೋಡಿ ಗಾಜು: ನಡುವೆ ಗಾಳಿ ಮುಚ್ಚಿಟ್ಟದ್ದು, ಒಳಮೈಗೆ ಕಣ್ಣಿಗೆ ಕಾಣದ ಲೇಪ ಬಳಿದದ್ದು. ಪ್ರತಿಯೊಂದರ ಹಿಂದೆ ರಟ್ಟಿನ ಪೆಟ್ಟಿಗೆಯಲ್ಲಿ ಒಂದೊಂದು ಬೆಣ್ಣೆಯುಂಡೆ! ಕೆಲಸಗಾರರೆಲ್ಲ ಮಷಿನ್ ನಿಲ್ಲಿಸಿ ಕುಸ್ತಿ ನೋಡುವವರಂತೆ ಸುತ್ತ ನಿಂತರು. ಸಾದಾ ಗಾಜಿನ ಹಿಂದಿನದು ಎಣ್ಣೆಯಾಯಿತು. ಕಪ್ಪು ಗಾಜಿನ ಹಿಂದಿನದು ಸೊರಗಿ ಕುಸಿಯಿತು. ಜೋಡಿ ಗಾಜಿನ ಹಿಂದಿನದು ಮಾತ್ರ ಮದುಮಗನ ಹಾಗೆ ಗಟ್ಟಿಯಾಗಿ ಕೂತಿತ್ತು. ಭಾವ ಮೀಸೆ ತೀಡುವಷ್ಟರಲ್ಲಿ ಎಲ್ಲಿಂದಲೋ ಬಂದ ಬೆಕ್ಕು ಮೊದಲೆರಡನ್ನು ಮೂಸಿ ಬಿಟ್ಟು, ಮೂರನೆಯ ಉಂಡೆಯನ್ನು ಕಚ್ಚಿಕೊಂಡು ಗೋಡೆ ಹಾರಿತು!

"ಇನ್ನೇನ್ ಬೇಕೋ ಸಾಕ್ಷಿ?" ಎಂದರು ಭಾವ.

ಚೌಕಟ್ಟು ನಾನೇ ಮಾಡಿದೆ. ಬರೀ ಅಲ್ಯುಮಿನಿಯಂ ಆದರೆ ರೊಟ್ಟಿ ಹಂಚಿನ ಹಾಗೆ ಕಾದು ಕಾವನ್ನು ಒಳಗೆ ದಾಟಿಸುತ್ತದೆ ಎಂದು ಭಾವ ಪೀಡಿಸಿದ್ದಕ್ಕೆ, ಒಳಗಿನ ಹೊರಗಿನ ಲೋಹದ ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಪಟ್ಟಿ ಕೂರಿಸಿದೆ, ಸುತ್ತ ರಬ್ಬರು ಬಿಗಿದೆ. ಅಕ್ಕನ ಕೋಣೆಗೆ ಅದನ್ನು ಕೂರಿಸಿದ ದಿನ ಭಾವ ಊದುಬತ್ತಿ ಹಚ್ಚಿ ಅಂಚು ಅಂಚಿಗೆ ಹಿಡಿದರು. ಹೊಗೆ ಕವಾಯತಿನ ಸಿಪಾಯಿಯಂತೆ ನೆಟ್ಟಗೆ ನಿಂತಿತು. ಆ ಖುಷಿಯಲ್ಲಿ ಮನೆಯ ಉಳಿದ ಕಿಟಕಿ, ಬಾಗಿಲನ್ನೆಲ್ಲ ಜಡಿದು, "ಇವತ್ತು ಯಾವುದೂ ತೆಗೀಬ್ಯಾಡ್ರಿ" ಎಂದು ಅಪ್ಪಣೆ ಕೊಟ್ಟರು. ಅಡುಗೆಮನೆಯಲ್ಲಿ, ಅಕ್ಕನ ನೆರವಿಗೆ ಬಂದಿದ್ದ ನನ್ನ ಹೆಂಡತಿ ಬ್ಯಾಡಗಿ ಮೆಣಸಿನಕಾಯಿಯ ಒಗ್ಗರಣೆ ಹಾಕಿದಳು ನೋಡಿ! ಘಾಟು ಹೋಗಲು ಒಂದು ಸೂಜಿಯಷ್ಟು ದಾರಿಯಿಲ್ಲ. ಐದು ನಿಮಿಷದಲ್ಲಿ ನಾವೆಲ್ಲ ಕೆಮ್ಮುತ್ತ, ಸೀನುತ್ತ ಮೆಟ್ಟಿಲ ಮೇಲೆ ಇದ್ದೆವು.

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. "ಬಿಸಲೇನೋ ಒಳಗ ಬರ್ಲಿಲ್ಲ ಬಿಡ್ರಿ. ನಾವ ಹೊರಗ ಬಂದ್ವಿ!"

ಅಂದಿನಿಂದ ಅಡುಗೆಮನೆಯ ಕಿಟಕಿಗೆ ಈ ಶಾಸ್ತ್ರದಿಂದ ಸೂಟಿ, ಅದು ಸದಾ ತೆರೆದೇ ಇರುತ್ತದೆ.

ಮೇ ತಿಂಗಳು ಬಂತು. ಒಂದು ಮಧ್ಯಾಹ್ನ ಕರೆಂಟು ಹೋದ ಹೊತ್ತಿಗೆ ಸರಿಯಾಗಿ ಅವರ ಮನೆಗೆ ಹೋದೆ. "ಭಾವಾ, ಹ್ಯಾಂಗ ಅದರೀ ನನ್ನ ಕಿಟಕಿ?" ಎಂದು ಬಾಗಿಲಿನಿಂದಲೇ ಕೂಗಿದೆ. ಒಳಗಿನಿಂದ ಬಂದದ್ದು "ಶ್ಶ್!" ಎಂಬ ಸದ್ದು ಮಾತ್ರ.

ಕೋಣೆಯ ತುಂಬ ಬೆಳಕು. ಗಾಜಿನಾಚೆ ಗುಡ್ಡ ಇಡಿಯಾಗಿ ಬಿಸಿಲಲ್ಲಿ ಉರಿಯುತ್ತಿತ್ತು. ಗಾಜಿನೀಚೆ ಅಕ್ಕ ಬಾಯಿ ತುಸು ತೆರೆದು ಗಾಢವಾಗಿ ನಿದ್ದೆ ಹೋಗಿದ್ದಳು. ಹಣೆಯ ಮೇಲೆ ಒಂದು ಹನಿ ಬೆವರಿಲ್ಲ. ಪಕ್ಕದಲ್ಲಿ ಸ್ಟೂಲಿನ ಮೇಲೆ ಕುಳಿತ ಭಾವ ಒಂದು ರಟ್ಟಿನ ತುಂಡು ಹಿಡಿದು ಮೆಲ್ಲಗೆ ಅವಳಿಗೆ ಗಾಳಿ ಬೀಸುತ್ತಿದ್ದರು. ರಟ್ಟಿನ ಅಂಚು ಹಿಡಿದು ಹಿಡಿದು ಸವೆದು ಮೆತ್ತಗಾಗಿತ್ತು.

"ಭಾವಾ," ಪಿಸುಗುಟ್ಟಿದೆ, "ಝಳನೇ ಇಲ್ಲಲ್ರಿ. ಇನ್ಯಾಕ ಬೀಸಾಕತ್ತೀರಿ?"

ಅವರು ತಮ್ಮ ಕೈಯನ್ನು ಯಾರದೋ ಕೈಯೆಂಬಂತೆ ನೋಡಿದರು.

"ಎರಡು ಬ್ಯಾಸಗಿ ಬೀಸೇನಿ. ಕೈಗೆ ಇನ್ನಾ ತಿಳಿದಿಲ್ಲೋ," ಎಂದರು.

ಬೀಸುತ್ತಲೇ ಇದ್ದರು.