ಐನೂರು ತುಂಡಿನ ಕೋಟೆ

ನಾನು ಯಾವ ಕೆಲಸವನ್ನು ಶಿಸ್ತಿನಿಂದ ಶುರುಮಾಡಿದರೂ ಸರಿ, ಅದನ್ನು ಕೆಡಿಸುವವರು ಪುತ್ತೂರಿನಲ್ಲಿ ನನ್ನ ಮನೆ ಹುಡುಕಿಕೊಂಡೇ ಬರುತ್ತಾರೆ. ಕೆಲವರು ಮನೆಯಲ್ಲೇ ಇರುತ್ತಾರೆ.

ಮಂಗಳೂರಿನ ಇಂಗ್ಲಿಷ್ ಶಾಲೆಯಲ್ಲಿ ನನಗೆ ಕಲಿಸಿದ ಹಳೆಯ ಮಾಸ್ಟರು ಒಂದು ಜಿಗ್‌ಸಾ ಪೆಟ್ಟಿಗೆ ಕೊಟ್ಟರು. ತೆಳು ಹಲಗೆಗೆ ಅಂಟಿಸಿದ ಕೋಟೆಯ ಚಿತ್ರ; ಐನೂರು ತುಂಡಾಗಿ ಕೊಯ್ದದ್ದು. ಮತ್ತೆ ಜೋಡಿಸಬೇಕು.

"ಬರುವ ತಿಂಗಳು ಮೊದಲ ಆದಿತ್ಯವಾರ ಊಟಕ್ಕೆ ಬರ್ತೇನೆ. ಮುಗಿದಿರ್ಬೇಕು. ಶಾಲೆಯಲ್ಲಿ ನೀನು ಒಂದನ್ನೂ ಮುಗಿಸಿದವನಲ್ಲ."

ನಲವತ್ತು ದಾಟಿದ ವಕೀಲ ನಾನು. ಮಾತು ಕೊಟ್ಟೆ.

೧

ಮೊದಲ ದಿನ ತುಂಡುಗಳನ್ನು ಹರಡುವಾಗಲೇ ಮೇಜು ಅಲುಗಾಡಿತು. "ನಾನು ಕೋರ್ಟಿನಿಂದ ಬರುವಾಗ ಇದು ಅಲುಗಾಡಬಾರದು" ಎಂದು ಹೆಂಡತಿಗೆ ಹೇಳಿ ಹೋದೆ. ಸಂಜೆ ಮೇಜು ಬಂಡೆಯ ಹಾಗೆ ನಿಂತಿತ್ತು.

ತಾಯಿ ಬಂದು ನೋಡಿದರು. "ಯಾರು ತುಂಡು ಮಾಡಿದ್ದು?"

"ಮಾಡಿ ಮಾರುವವರೇ."

"ಹಾಗಾದ್ರೆ ಅವರೇ ಜೋಡಿಸಲಿ. ನಿನಗೆಂತ ಕೇಸು?"

೨

ಚಿತ್ರದಲ್ಲಿ ಅರ್ಧ ಬರೀ ಆಕಾಶ. ಹತ್ತು ದಿನ ಕೂತು ನೀಲಿಯಲ್ಲಿ ನೀಲಿ ಬೇರ್ಪಡಿಸಿ, ಸಾಲಾಗಿಟ್ಟಿದ್ದೆ. ಇಲ್ಲೇ ಹತ್ತಿರದ ಸವಣೂರಿನ ಅಡಿಕೆ ವ್ಯಾಪಾರಿಯೊಬ್ಬರು ತಮ್ಮ ಕೇಸಿಗೆ ಬಂದರು. ಕಾಗದ ತರಲು ಒಳಗೆ ಹೋಗಿ ಬಂದೆ. ನನ್ನ ಸಾಲುಗಳಿಲ್ಲ, ಮೂರು ರಾಶಿ ಉಂಟು.

"ಎಂತ ಮಾಡಿದ್ದು?"

"ಆರಿಸಿ ಕೊಟ್ಟೆ ವಕೀಲ್ರೆ. ಕೈ ಸುಮ್ಮನಿರುದಿಲ್ಲ. ಇದು ದೊಡ್ಡದು, ಇದು ಸಣ್ಣದು."

ಮೂರನೆಯದೇ ಗುಡ್ಡದ ಹಾಗಿತ್ತು. "ಇದು?"

"ಇದೆಲ್ಲ ಕರಿಗೋಟು. ಅಡಿಕೆಯಾದ್ರೆ ಆಚೆ ಹಾಕುವ ಮಾಲು. ಹೊಂಡ ಬಿದ್ದದ್ದು, ಅಂಚು ಹೋದದ್ದು. ನಿಮಗೆ ಯಾರೋ ಮೋಸ ಮಾಡಿದ್ದಾರೆ ಮಾರಾಯ್ರೆ, ಒಂದು ನೋಟೀಸು ಕೊಡಿ."

೩

ಮಾಸ್ಟರು ಬರುವ ಆದಿತ್ಯವಾರ ಬೆಳಿಗ್ಗೆ ಕೋಟೆ ಎದ್ದು ನಿಂತಿತು. ಆಕಾಶದ ನಡುವೆ ಮಾತ್ರ ಒಂದು ತೂತು. ತುಂಡು ನಾನೂರ ತೊಂಬತ್ತೊಂಬತ್ತು.

ಚಾಪೆ ಕೊಡವಿದೆ, ಅಕ್ಕಿ ಡಬ್ಬ ಸುರಿದೆ, ತಾಯಿಯನ್ನು ಪಾಟೀಸವಾಲು ಮಾಡಿದೆ. ಮಾಸ್ಟರ ಬಸ್ಸು ಬರುವ ಹೊತ್ತಾಯಿತು. ಕೊನೆಗೆ ತೂತಿನ ಆಕಾರವನ್ನು ಕಾಗದದಲ್ಲಿ ಬರೆದು ಹೆಂಡತಿಗೆ ತೋರಿಸಿದೆ.

"ಇದಾ? ಮೇಜಿನ ಕಾಲಿನಡಿ ಉಂಟಲ್ಲ."

"ಅಲ್ಲಿ ಯಾಕೆ?"

"ನೆಲದಲ್ಲಿ ಬಿದ್ದಿತ್ತು, ಸರಿಯಾಗಿ ಕೂತಿತು. ಅಲುಗಾಡಬಾರದು ಅಂತ ನೀವೇ ಹೇಳಿದ್ದು."

ಕೋಪ ಮಾಡಲೂ ಪುರುಸೊತ್ತಿರಲಿಲ್ಲ. ಮೇಜಿನಡಿ ನುಗ್ಗಿ, ಭುಜ ಕೊಟ್ಟು ಎತ್ತಿ, ತುಂಡನ್ನು ಎಳೆದೆ. ತುಂಡು ಕೈಗೆ ಬಂತು. ಕೋಟೆ ಆಚೆ ಬದಿಯಿಂದ ನೆಲಕ್ಕೆ ಬಂತು.

ಬಾಗಿಲಲ್ಲಿ ಕೊಡೆ ಮಡಚುವ ಸದ್ದು. ಮಾಸ್ಟರು ನೆಲ ನೋಡಿದರು, ಮೇಜಿನಡಿ ಒಂದು ತುಂಡು ಹಿಡಿದು ಕೂತ ನನ್ನನ್ನು ನೋಡಿದರು.

"ಓ," ಎಂದರು, "ಈಗ ಶುರು ಮಾಡಿದ್ದಾ?"