ಅತ್ತೆಯ ಹಾಡು, ಟೇಪಿನ ಪಾಡು

ನನ್ನ ದನಿ ಬಲು ಗಂಭೀರವಾದದ್ದೆಂದು ನಲವತ್ತು ವರ್ಷ ನಂಬಿಕೊಂಡಿದ್ದೆ. ಮುಖಕ್ಕಾದರೆ ಕನ್ನಡಿಯಿದೆ, ದನಿಗೇನಿದೆ? ಕೇಳುವವರಿಲ್ಲದ ಕಡೆ ಮನುಷ್ಯ ತನಗೆ ತಾನೇ ಎಷ್ಟು ಬೇಕಾದರೂ ಅಂಕ ಕೊಟ್ಟುಕೊಳ್ಳಬಹುದು.

ಅರವತ್ತರ ದಶಕ. ಜಯನಗರದ ನಮ್ಮ ಮನೆಯ ಸುತ್ತ ಇನ್ನೂ ಖಾಲಿ ಸೈಟುಗಳೇ. ಒಂದು ಭಾನುವಾರ ಬೆಳಿಗ್ಗೆ ನಮ್ಮ ಆಫೀಸಿನ ಗೋಪಾಲಯ್ಯ, ಭಾವಮೈದುನ ವಿದೇಶದಿಂದ ತಂದಿದ್ದ ಟೇಪ್ ರೆಕಾರ್ಡರನ್ನು ಜಟಕಾದಲ್ಲಿ ಹೊತ್ತು ತಂದರು. ನಾನೇ ಗೋಗರೆದಿದ್ದೆ. ಕಾರಣ, ನನ್ನ ಸೋದರತ್ತೆ ಪುಟ್ಟಮ್ಮ. ಮದುವೆಗಳಲ್ಲಿ ಬೀಗರನ್ನು ಗೇಲಿ ಮಾಡಿ ಹಾಡುವ ಹಾಡು ನಮ್ಮ ಮನೆತನದಲ್ಲಿ ಪೂರ್ತಿ ಬರುತ್ತಿದ್ದುದು ಅವರೊಬ್ಬರಿಗೇ. ಯಾರೂ ಬರೆದಿಟ್ಟಿರಲಿಲ್ಲ. ಎಂಬತ್ತು ದಾಟಿದ ಅತ್ತೆಗೆ ಒಂದೊಂದೇ ನುಡಿ ಮರೆತುಹೋಗುತ್ತಿತ್ತು.

ಪೆಟ್ಟಿಗೆ ತೆರೆದರೆ ಎರಡು ಚಕ್ರ, ನಡುವೆ ಕಂದು ಬಣ್ಣದ ಪಟ್ಟಿ. ಅದನ್ನು ಕಿವಿಗೆ ಹಿಡಿದೆ, ಏನೂ ಕೇಳಿಸಲಿಲ್ಲ. ಬೆಳಕಿಗೆ ಹಿಡಿದೆ. ಮೂಸಿಯೂ ನೋಡಿದೆ.

"ಇದರಲ್ಲಿ ಸದ್ದು ಎಲ್ಲಿ ಕೂತಿರತ್ತೆ ಗೋಪಾಲಯ್ಯನೋರೇ?"

"ತುಕ್ಕಿನಂಥ ಪುಡಿ ಬಳಿದಿರ್ತಾರೆ ಸಾರ್. ಅಯಸ್ಕಾಂತ ಅದರ ಮೇಲೆ ಗುರುತು ಮಾಡತ್ತೆ."

"ತುಕ್ಕು ಹಾಡೋದಾದ್ರೆ ನಮ್ಮ ಕಬ್ಬಿಣದ ಬಾಣಲೆಗೂ ಎರಡು ಹಾಡು ಕಲಿಸ್ತೀನಿ ಬಿಡು" ಎಂದರು ಅತ್ತೆ.

ಕೊನೆಗೂ ಹಾಡಿದರು. ಗೋಪಾಲಯ್ಯ ಟೇಪನ್ನು ಹಿಂದಕ್ಕೆ ಸುತ್ತಿ ಹಾಕಿದಾಗ ಅತ್ತೆಯ ದನಿಯೇನೋ ಬಂತು, ಅದರ ಮೇಲೆ ಕೀರಲು ಮೂಗುದನಿಯ ಒಬ್ಬ ಗಂಡಸು: "ಜೋರಾಗಿ ಅತ್ತೆ! ಮೈಕಿನ ಹತ್ರ. ಹಾಂ, ಹಂಗೆ. ಕೆಮ್ಮಬೇಡಿ!"

"ಯಾರ್ರೀ ಇವನು? ಬಾಯೇ ಮುಚ್ಚಲ್ವಲ್ಲ?" ಎಂದೆ.

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗೋಪಾಲಯ್ಯ ಸೂರು ನೋಡಿದರು.

"ನೀನೇ ಕಣೋ ಶಾಮ" ಎಂದರು ಅತ್ತೆ. "ನಾವು ನಲವತ್ತು ವರ್ಷದಿಂದ ಕೇಳ್ತಿದೀವಿ."

ಸಂಜೆಯೊಳಗೆ ಯಂತ್ರ ವಾಪಸ್ಸು ಹೋಗಬೇಕಿತ್ತು. ಇದ್ದದ್ದು ಒಂದೇ ಸುರುಳಿ. ಅದರ ಮೇಲೆಯೇ ಮತ್ತೆ ತುಂಬಿದರೆ ಹಳೆಯದು ಅಳಿಸಿಹೋಗುತ್ತದೆ ಎಂದು ಗೋಪಾಲಯ್ಯ ಹೇಳಿದಾಗ ನನಗೆ ಜೀವ ಬಂದಂತಾಯಿತು.

"ಇನ್ನೊಂದ್ಸಲ ಹೇಳ್ತೀನಿ" ಎಂದರು ಅತ್ತೆ. "ಇವನು ಮಾತ್ರ ಮನೇಲಿರಕೂಡದು."

ಎದುರಿನ ಖಾಲಿ ಸೈಟಿನಲ್ಲಿ ಹೋಗಿ ನಿಂತೆ. ಕಿಟಕಿಯಲ್ಲಿ ತಾಳ ಹಾಕುವ ಅತ್ತೆಯ ಕೈ ಮಾತ್ರ ಕಾಣುತ್ತಿತ್ತು. ಒಳಗೆ ಕರೆದಾಗ ಹಾಡು ಪೂರ್ತಿ ಬಂದಿತ್ತು, ಮರೆತ ನುಡಿಗಳ ಸಮೇತ. ಕೊನೆಯಲ್ಲಿ ಒಂದು ಹೊಸ ನುಡಿಯೂ ಇತ್ತು, ವಟಗುಟ್ಟುವ ಸೋದರಳಿಯನ ಮೇಲೆ! ಯಂತ್ರ ವಾಪಸ್ಸು ಹೋಗುವಷ್ಟರಲ್ಲಿ ನಮ್ಮ ಹೆಣ್ಣುಮಕ್ಕಳು ಟೇಪನ್ನು ಮತ್ತೆ ಮತ್ತೆ ಕೇಳಿ ಕಲಿತರು, ಈಗ ಮದುವೆಮನೆಗಳಲ್ಲಿ ಹಾಡುತ್ತಾರೆ. ಬೇರೆ ನುಡಿ ತಪ್ಪಿದರೂ ಅದೊಂದು ಯಾರಿಗೂ ತಪ್ಪುವುದಿಲ್ಲ.

ಅಂದಿನಿಂದ ನಾನು ಮಾತು ಕಡಿಮೆ ಮಾಡಿದ್ದೇನೆ. ನಂಬದವರನ್ನು ಕೂರಿಸಿಕೊಂಡು ಗಂಟೆಗಟ್ಟಲೆ ವಿವರಿಸುತ್ತೇನೆ.