ಎರಡು ವಾರದ ‘ಸರಿ ಇದೆ’

ಡಾಕ್ಟರ್: ಈ ಡೈರಿ ನೋಡಿದ್ರೆ ನನಗಿಂತ ನೀವೇ ಗಟ್ಟಿ. ಪತ್ರದಲ್ಲಿ ಏನಂತ ಬರೀಲಿ?

ಹೆಂಡತಿ ಗಂಡನತ್ತ ತಿರುಗಿದಳು. ಅವನು ಚಾವಣಿಯ ಫ್ಯಾನು ನೋಡಿದ.

ಅವನು ಗೋದಾಮಿನಲ್ಲಿ ಪೆಟ್ಟಿಗೆ ತಪಾಸಣೆ ಮಾಡುವವನು. ಕೋವಿಡ್ ಬಂದು ಹೋಗಿ ಏಳು ತಿಂಗಳು. ಹೋದದ್ದು ದಾಖಲೆಯಲ್ಲಿ ಮಾತ್ರ. ಮೆಟ್ಟಿಲು ಹತ್ತಿದರೆ ಏದುಸಿರು, ಮಾತಿನ ನಡುವೆ ಪದ ಮಾಯ. ಅರ್ಧ ದಿನದ ಕೆಲಸ ಬೇಕಾದರೆ ತಿಂಗಳೊಳಗೆ ಡಾಕ್ಟರ ಪತ್ರ ತಾ, ಇಲ್ಲವೇ ಆಮೇಲೆ ಬರಲೇಬೇಡ ಎಂದಿದ್ದ ಮೇಲ್ವಿಚಾರಕ. ರಕ್ತಪರೀಕ್ಷೆ, ಎಕ್ಸ್‌ರೇಗಳೆಲ್ಲ ಚೆನ್ನಾಗಿ ಬಂದು ಅವನ ಮಾನ ಕಳೆದಿದ್ದವು. ಉಳಿದದ್ದು, ದಿನವೂ ಮೈ ಹೇಗಿದೆ ಎಂದು ಬರೆಯಬೇಕಿದ್ದ ಈ ಡೈರಿ.

ಡಾಕ್ಟರ್: ಸೋಮವಾರ, ‘ಸರಿ ಇದೆ’. ಮಂಗಳವಾರ, ‘ಸರಿ ಇದೆ’. ಕೆಳಗೆ ಸಹಿ ಬೇರೆ.

ಗಂಡ: ನಮ್ಮ ಗೋದಾಮಲ್ಲಿ ಪೆಟ್ಟಿಗೆ ‘ಸರಿ ಇಲ್ಲ’ ಅಂತ ಬರೆದ್ರೆ ಮೂರು ಫಾರಂ ತುಂಬಬೇಕು ಮೇಡಂ. ಕೈ ಹಾಗೇ ಓಡುತ್ತೆ.

ಹೆಂಡತಿ: ಮಂಗಳವಾರ ಸ್ನಾನ ಮುಗಿಸಿ, ಸೋಪು ಹಿಡಕೊಂಡೇ ನಿದ್ದೆಹೋದ್ರಲ್ಲ, ಅದು ಸರಿ ಇತ್ತಾ?

ಗಂಡ: ಸೋಪು ಸರಿ ಇತ್ತು.

ಹೆಂಡತಿ: ಈಗಲೂ ನೋಡಿ ಮೇಡಂ, ಶೇವಿಂಗು, ಇಸ್ತ್ರಿ ಶರ್ಟು. ಇಲ್ಲಿಗೆ ಬರಬೇಕು ಅಂತ ಎರಡು ದಿನ ಮಲಗಿ ಶಕ್ತಿ ಕೂಡಿಟ್ಟಿದ್ದಾರೆ. ಮದುವೆ ದಿನಾನೂ ಇಷ್ಟು ಕಳೆಯಾಗಿರಲಿಲ್ಲ.

ಡಾಕ್ಟರ್ ಪೆನ್ನು ಕೆಳಗಿಟ್ಟರು. ಪತ್ರ ಸಿಗುವುದಿಲ್ಲ ಎನಿಸಿ, ಅವನಿಗೆ ಗೋದಾಮಿನ ಗೇಟು ಮುಚ್ಚಿದ ಸದ್ದೇ ಕೇಳಿಸಿದಂತಾಯಿತು.

ಡಾಕ್ಟರ್: ಗುರುವಾರ, ಶುಕ್ರವಾರ ಯಾಕೆ ಖಾಲಿ?

ಗಂಡ: ಬರೆಯೋಕೆ ಆಗಲಿಲ್ಲ. ಪೆನ್ನು ಮೇಜಿನ ಮೇಲಿತ್ತು. ಮೇಜು ದೂರ.

ಹೆಂಡತಿ: ನಾಲ್ಕು ಹೆಜ್ಜೆ. ಬುಧವಾರ ಲಾರಿ ಬಂತು ಅಂತ ಗೋದಾಮಲ್ಲಿ ಇಡೀ ದಿನ ನಿಂತಿದ್ರು.

ಡಾಕ್ಟರ್: ಮುಂದಿನ ಸೋಮವಾರ, ಮಂಗಳವಾರಾನೂ ಖಾಲಿ.

ಹೆಂಡತಿ: ಭಾನುವಾರ ಬೀರು ಸರಿಸಿದ್ರು. ಆಮೇಲೆ ಎರಡು ದಿನ ಬೀರುಗೂ ಇವರಿಗೂ ವ್ಯತ್ಯಾಸ ಇರಲಿಲ್ಲ.

ಡಾಕ್ಟರ್ ಮತ್ತೆ ಪೆನ್ನು ಎತ್ತಿಕೊಂಡರು.

ಡಾಕ್ಟರ್: ಬರೆದ ಹಾಳೆ ಬಿಡಿ, ಖಾಲಿ ಹಾಳೆಗಳೇ ನನಗೆ ಸಾಕು. ದುಡಿದ ಮರುದಿನ ಹೀಗೆ ಕುಸಿಯೋದು ತಿಂಗಳುಗಟ್ಟಲೆ ಬಿಡದ ಲಾಂಗ್ ಕೋವಿಡ್‌ನ ಗುರುತು. ಪರೀಕ್ಷೆ ಚೆನ್ನಾಗಿ ಬಂದ್ರೂ ಇದು ಇರಬಹುದು. ಪತ್ರ ಕೊಡ್ತೀನಿ. ಆದ್ರೆ ಸುಸ್ತಾದ ಮೇಲಲ್ಲ, ಸುಸ್ತಾಗೋಕೆ ಮುಂಚೆನೇ ಕೆಲಸ ನಿಲ್ಲಿಸಬೇಕು.

ಪತ್ರ ಕೈಸೇರಿದ್ದೇ ತಡ, ಅವನು ನೆಟ್ಟಗೆ ನಿಂತ. ಈಗಲೇ ಗೋದಾಮಿಗೆ ಕೊಟ್ಟು, ಬಂದವನೇ ನೀರಿನ ಟ್ಯಾಂಕು ತೊಳೆದುಬಿಡುತ್ತೇನೆ ಎಂದ. ಹೆಂಡತಿ ಪತ್ರ ಕಿತ್ತುಕೊಂಡು ಹೊರಗಿನ ಬೆಂಚು ತೋರಿಸಿದಳು. ಅವನು ಕೂತ. ಅವಳು ಡೈರಿಯ ಹೊಸ ಹಾಳೆಯಲ್ಲಿ ತಾನೇ ಬರೆದಳು: ‘ಕೂತರು. ಸರಿ ಇದೆ.’

ಗಂಡ: ಕೆಳಗೆ ಸಹಿ ಹಾಕಲಾ?

ಹೆಂಡತಿ: ಬೇಡ. ಸುಸ್ತಾಗ್ತೀರಿ.